ಬೀಗ ಹಾಕಿದ ಮನೆಯ ಬೆಕ್ಕು

ನನ್ನ ದವಾಖಾನೆಯ ಮೇಜಿನ ಮೇಲೆ ಒಂದು ಹಿತ್ತಾಳೆ ಬೀಗ ಇದೆ. ಫ್ಯಾನಿನ ಗಾಳಿಗೆ ಔಷಧದ ಚೀಟಿಗಳು ಹಾರಿಹೋಗದಂತೆ ಅವುಗಳ ಮೇಲೆ ಕೂತಿರುವುದೇ ಅದರ ಕೆಲಸ. ಬಂದವರು ನಾಡಿ ತೋರಿಸುವ ಮೊದಲು ಅದನ್ನೊಮ್ಮೆ ಕೈಗೆತ್ತಿಕೊಂಡು ತೂಗುತ್ತಾರೆ, ಜಗ್ಗುತ್ತಾರೆ, ಆಮೇಲೆ "ಇದರ ಚಾವಿ ಎಲ್ಲದರಿ ಡಾಕ್ಟರ್ ಬಾಯಿ?" ಎಂದು ಕೇಳುತ್ತಾರೆ. ನಮ್ಮ ಕಡೆ ಹೆಣ್ಣು ಡಾಕ್ಟರೆಂದರೆ ಡಾಕ್ಟರ್ ಬಾಯಿ. ಚಾವಿ ಬಸವಕಲ್ಯಾಣದಲ್ಲಿದೆ, ಬೀಗ ಮಾತ್ರ ಹುಮನಾಬಾದಿನ ನನ್ನ ಮೇಜಿಗೆ ಬಂದಿದೆ ಎಂದು ಹೇಳಿದರೆ ಅವರಿಗೆ ನನ್ನ ಬಗ್ಗೆ ಸ್ವಲ್ಪ ಅನುಮಾನ ಬರುತ್ತದೆ. ನಿಮಗೂ ಬಂದಿದ್ದರೆ ತಪ್ಪಲ್ಲ. ಹೇಳುತ್ತೇನೆ, ಆದರೆ ನೆಟ್ಟಗೆ ಹೇಳುವ ಅಭ್ಯಾಸ ನನಗಿಲ್ಲ, ಸ್ವಲ್ಪ ಸುತ್ತು ಹಾಕಬೇಕಾಗುತ್ತದೆ.

ಬೀಗಕ್ಕೂ ನನಗೂ ಹಳೆಯ ನಂಟು. ನಮ್ಮ ಅವ್ವನಿಗೆ ಮನೆಗೆ ಬೀಗ ಹಾಕುವುದು ಗೊತ್ತಿತ್ತು, ಹಾಕಿದ್ದು ನೆನಪಿರುತ್ತಿರಲಿಲ್ಲ. ಕೊಡಂಬಲದ ಅಜ್ಜನ ಮನೆಗೆಂದು ಹೊರಟು, ಹುಮನಾಬಾದಿನ ಬಸ್ ಸ್ಟ್ಯಾಂಡಿಗೆ ಬಂದು, ಗಂಟು ಕೆಳಗಿಟ್ಟ ಕೂಡಲೇ ಅವಳ ಮುಖ ಬದಲಾಗುತ್ತಿತ್ತು. ಎದೆಯ ಮೇಲೆ ಕೈಯಿಟ್ಟುಕೊಂಡು ನನ್ನತ್ತ ನೋಡುವಳು. ಅಷ್ಟೇ, ನಾನು ಓಡಬೇಕು. ಬೇಳೆ ಮಿಲ್ಲಿನ ಮುಂದಿನಿಂದ, ತೊಗರಿ ಹೊಟ್ಟಿನ ದೂಳು ನುಂಗುತ್ತ ಮನೆಗೆ ಓಡಿ, ಬೀಗ ಜಗ್ಗಿ ನೋಡಿ, ಅಷ್ಟೇ ವೇಗದಲ್ಲಿ ತಿರುಗಿ ಓಡಿ ಬರಬೇಕು. ಅಲ್ಲಿಯವರೆಗೆ ಅಪ್ಪ ಕಂಡಕ್ಟರನ ಜೊತೆ ಊರಿನ ಮಾತೆಲ್ಲ ತೆಗೆದು ಬಸ್ಸು ನಿಲ್ಲಿಸಿಕೊಂಡಿರುತ್ತಿದ್ದ. ಬೀಗ ಒಮ್ಮೆಯೂ ತೆರೆದಿದ್ದಿಲ್ಲ. ಆದರೂ ಪ್ರತಿ ಸಲ ಅದನ್ನು ಜಗ್ಗುವಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಈ ಸಲ ತೆರೆದಿದ್ದರೆ ಅವ್ವನ ಮಾತು ನಿಜವಾಗುತ್ತದಲ್ಲ ಎಂದು.

ಹೀಗೆ ಓಡಿ ಬಂದು ಬಸ್ಸು ಹತ್ತಿದವಳು ಊರು ದಾಟುವ ಮೊದಲೇ ವಾಂತಿ ಮಾಡಿಕೊಳ್ಳುತ್ತಿದ್ದೆ. ನಿಂಬೆಹಣ್ಣು ಮೂಸಿಸಿದರು, ಬಾಯಲ್ಲಿ ಓಮಿನ ಕಾಳು ಇಟ್ಟರು, ಹೊಟ್ಟೆಗೆ ಕಾಗದ ಕಟ್ಟಿದರು. ಯಾವುದೂ ಉಪಯೋಗಕ್ಕೆ ಬರಲಿಲ್ಲ. ಕೊಡಂಬಲದಲ್ಲಿ ಇಳಿದಾಗ ಅಜ್ಜನ ಮನೆಯವರು "ಹ್ಯಾಂಗ ಇದ್ದೀ" ಎಂದು ಕೇಳುವ ಮೊದಲು ನೀರಿನ ತಂಬಿಗೆ ಮುಂದೆ ಹಿಡಿಯುತ್ತಿದ್ದರು. ಈಗಲೂ ಹುಮನಾಬಾದಿನಿಂದ ಕಲ್ಯಾಣಕ್ಕೆ ಕಾರಿನಲ್ಲಿ ಹೋಗುವಾಗ ನನ್ನ ಚೀಲದಲ್ಲಿ ಒಂದು ನಿಂಬೆಹಣ್ಣು ಇರುತ್ತದೆ.

ಇಂಥವಳು ಹೈದರಾಬಾದಿನಲ್ಲಿ ವರ್ಷಗಟ್ಟಲೆ ಓದಿ ಕಲಿತದ್ದು ಅಂಟುರೋಗಗಳ ವೈದ್ಯ, ಜೊತೆಗೆ ಪ್ರಯಾಣಿಕರ ವೈದ್ಯ. ದೂರ ದೇಶಕ್ಕೆ ಹೋಗುವವರಿಗೆ ಯಾವ ಲಸಿಕೆ ಬೇಕು, ಅಲ್ಲಿಂದ ಬಂದವರು ಯಾವ ಜ್ವರ ತಂದಿದ್ದಾರೆ, ಇದೆಲ್ಲ ನೋಡುವ ವಿದ್ಯೆ. ಹುಮನಾಬಾದಿಗೆ ಬಂದು 'ಪ್ರಯಾಣಿಕರ ಆರೋಗ್ಯ ಸಲಹೆ' ಎಂದು ಬೋರ್ಡು ಬರೆಸಿದೆ. ಮೊದಲ ವಾರ ಬಂದವರಲ್ಲಿ ಹೆಚ್ಚಿನವರು ಶಿರಡಿಗೆ ಬಸ್ಸು ಎಷ್ಟೊತ್ತಿಗೆ ಹೊರಡುತ್ತದೆ ಎಂದು ವಿಚಾರಿಸಿದರು. ಒಬ್ಬ ಹಿರಿಯರಂತೂ ಕಿಟಕಿ ಪಕ್ಕದ ಸೀಟೇ ಬೇಕೆಂದು ಹಟ ಹಿಡಿದರು. ಅವರ ರಕ್ತದೊತ್ತಡ ನೋಡಿ ಗುಳಿಗೆ ಬರೆದು ಕೊಟ್ಟೆ. ಹೋಗುವಾಗ ಚೀಟಿಯನ್ನು ತಿರುಗಿಸಿ ಸೀಟಿನ ನಂಬರು ಹುಡುಕುತ್ತಿದ್ದರು.

ನಿಧಾನಕ್ಕೆ ನಿಜವಾದ ಪ್ರಯಾಣಿಕರು ಬರತೊಡಗಿದರು. ದುಬೈಗೆ ಕೆಲಸಕ್ಕೆ ಹೋಗುವ ಹುಡುಗರು, ಕಾಶಿ-ಕೇದಾರಕ್ಕೆ ಹೊರಟ ಮುದುಕಿಯರು, ಎಲ್ಲಕ್ಕಿಂತ ಹೆಚ್ಚಾಗಿ ಮೆಕ್ಕಾಗೆ ಹಜ್‌ಗೋ ಉಮ್ರಾಗೋ ಹೋಗುವ ಕಲ್ಯಾಣದ ಮನೆಗಳವರು. ಅವರಿಗೆ ಮೆನಿಂಜೈಟಿಸ್ ಲಸಿಕೆ ಕಡ್ಡಾಯ. ತೋಳು ಒಡ್ಡಿ ಸೂಜಿ ಚುಚ್ಚಿಸಿಕೊಂಡ ಮೇಲೆ ಅವರು ಒಂದು ಕೆಲಸ ಮಾಡುತ್ತಿದ್ದರು. ಎದ್ದು ನಿಂತು, ಕೈ ಜೋಡಿಸಿ, ಹೇಳಿದ್ದು ಕೇಳಿದ್ದು ಏನಿದ್ದರೂ ಮಾಫ್ ಮಾಡಿ ಎನ್ನುತ್ತಿದ್ದರು. ಯಾತ್ರೆಗೆ ಹೊರಡುವವರು ಗುರುತು ಇದ್ದವರನ್ನೆಲ್ಲ ಕಂಡು ಹೀಗೆ ಕ್ಷಮೆ ಕೇಳಿ ಹೊರಡುವುದು ಅವರ ಪದ್ಧತಿ. ತಿರುಗಿ ಬರುತ್ತೇವೋ ಇಲ್ಲವೋ, ಮನಸ್ಸಿನ ಬಾಕಿ ಯಾವುದೂ ಉಳಿಯಬಾರದು ಎಂದು. ಮೊದಮೊದಲು ನಾನು ಗಾಬರಿಯಾಗುತ್ತಿದ್ದೆ. ನೋವು ಕೊಟ್ಟವಳು ನಾನು, ಕ್ಷಮೆ ಕೇಳುವವರು ಅವರು. ಆಮೇಲೆ ಅದು ರೂಢಿಯಾಯಿತು.

ವಾರದಲ್ಲಿ ಕೆಲವು ಸಂಜೆ ನಾನು ಕಲ್ಯಾಣದಲ್ಲೂ ಕೂರುತ್ತೇನೆ. ಮಹಬೂಬ್‌ಸಾಬರು ಅಲ್ಲಿಗೇ ಬಂದದ್ದು. ಕೋಟೆಯ ಹಿಂದಿನ ಓಣಿಯಲ್ಲಿ ಮನೆ, ಹತ್ತಿ ಹಿಂಜಿ ಗಾದಿ, ದಿಂಬು ಹೊಲಿಯುವ ಕೆಲಸ. ಊರಿನ ಅರ್ಧ ಮದುವೆಗಳ ಗಾದಿ ಅವರ ಕೈಯದ್ದೇ. ಹೆಂಡತಿ ಜೈನಬಿಯ ಜೊತೆ ಉಮ್ರಾಗೆ ಹೊರಟಿದ್ದರು. ಬಹಳ ವರ್ಷಗಳ ಆಸೆ, ಹೇಳುವಾಗ ಇಬ್ಬರ ಮುಖವೂ ಮದುವೆ ಮನೆಯವರ ಮುಖದಂತಿತ್ತು. ಸೂಜಿಯಾದ ಮೇಲೆ ಮಹಬೂಬ್‌ಸಾಬರು ಎದ್ದು ಕೈ ಜೋಡಿಸಿದರು. ಅವರದ್ದು ಬರೀ ಹೇಳಿದ್ದು ಕೇಳಿದ್ದಲ್ಲ. ಯಾರ ದಿಂಬಿನಲ್ಲಾದರೂ ಹತ್ತಿ ಕಡಿಮೆ ಹಾಕಿದ್ದರೆ ಅದನ್ನೂ ಮಾಫ್ ಮಾಡಬೇಕು ಎಂದು ಮನೆಮನೆಗೆ ಹೋಗಿ ಕೇಳಿದ್ದರಂತೆ. ಅಂದು ಕಲ್ಯಾಣದಲ್ಲಿ ಎಲ್ಲರೂ ತಮ್ಮ ತಮ್ಮ ದಿಂಬು ಒತ್ತಿ ನೋಡಿಕೊಂಡರು ಎಂದು ಜೈನಬಿ ನಕ್ಕಳು.

ಕೈ ಜೋಡಿಸಿದವರು ಮಾತು ಮುಗಿಸಲಿಲ್ಲ, ಕೆಮ್ಮು ಬಂತು. ಹತ್ತಿ ದೂಳಿನ ಕೆಮ್ಮು, ಕೆಲಸ ಹಿಡಿದಾಗಿನಿಂದ ಇದೆ ಎಂದರು. ಇರಬಹುದು. ಆದರೆ ಕುತ್ತಿಗೆಯ ಎಲುಬು ಎದ್ದಿತ್ತು, ಅಂಗಿ ಬೇರೆ ಯಾರದೋ ಹಾಕಿಕೊಂಡಂತೆ ಸಡಿಲವಾಗಿತ್ತು. ಎದೆಯ ಫೋಟೋ ತೆಗೆಸಿದೆ, ಕಫ ಪರೀಕ್ಷೆಗೆ ಕಳಿಸಿದೆ, ವರದಿ ಬರುವವರೆಗೆ ಹೊರಡುವ ತಯಾರಿ ಮಾಡಬೇಡಿ ಎಂದೆ. ಆ ಕೆಮ್ಮಿನ ಜೊತೆ ಅರ್ಧ ಆಯುಷ್ಯ ಕಳೆದವರಿಗೆ ಅದೊಂದು ದೊಡ್ಡ ಮಾತು ಅನ್ನಿಸಲಿಲ್ಲ.

ವರದಿ ಅವರು ಹೊರಡುವ ದಿನವೇ ಬಂತು. ಓಣಿಯವರೆಲ್ಲ ಸೇರಿ ಹಾರ ಹಾಕಿ, ಮೂಲೆಯ ತನಕ ನಡೆದು ಬಂದು, ಆಟೋ ಹತ್ತಿಸಿ ಕಳಿಸಿದ್ದರು. ಹೈದರಾಬಾದಿನ ಬಸ್ಸಿಗೆ ಹೋಗುವ ದಾರಿಯಲ್ಲಿ ವರದಿ ಇಸಿದುಕೊಂಡು ಹೋಗಲು ನನ್ನಲ್ಲಿಗೆ ಬಂದರು, ಕೊರಳಲ್ಲಿ ಗುಲಾಬಿ ಹಾರ ಹಾಗೇ ಇತ್ತು. ನಾನು ಹೇಳಿದೆ: ಇದು ಹತ್ತಿಯ ದೂಳಲ್ಲ, ಟಿಬಿ. ವಾಸಿಯಾಗುತ್ತದೆ, ಖಂಡಿತ ವಾಸಿಯಾಗುತ್ತದೆ. ಆದರೆ ವಿಮಾನದಲ್ಲಿ, ಆ ಗುಂಪಿನಲ್ಲಿ ಈಗ ಹೋಗುವಂತಿಲ್ಲ. ಕಫದಲ್ಲಿ ರೋಗಾಣು ಇಲ್ಲವೆಂದು ಗೊತ್ತಾಗುವವರೆಗೆ ಮನೆಯಲ್ಲೇ ಇರಬೇಕು.

ಮಹಬೂಬ್‌ಸಾಬರು ಹಾರ ತೆಗೆದು ತೊಡೆಯ ಮೇಲಿಟ್ಟುಕೊಂಡರು. ರೋಗದ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ನಾ ಎಲ್ಲಾರ ಮುಂದ ಕೈ ಮುಗದು ಮಾಫಿ ಕೇಳಿ ಬಂದೀನ್ರಿ ಬಾಯಿ," ಎಂದರು. "ಈಗ ಯಾವ ಮಾರಿ ತಗೊಂಡು ಓಣ್ಯಾಗ ಹೋಗ್ಲಿ? ಹೋಗದ ಸತ್ರ, ಇಡೀ ಊರಿಗೆ ಸುಳ್ಳ ಹೇಳಿ ಸತ್ತಂಗ ಆಗ್ತದ."

ಜೈನಬಿ ಉಮ್ರಾಗೆ ಹೊರಟ ತಂಡದ ಜೊತೆ ಹೋಗಬಹುದಿತ್ತು. ಅವಳ ಪರೀಕ್ಷೆಗಳಲ್ಲಿ ಏನೂ ಇರಲಿಲ್ಲ. ಅವಳು ಆ ಮಾತೇ ತೆಗೆಯಲಿಲ್ಲ. ಇಬ್ಬರೂ ಸೂರ್ಯ ಇಳಿಯುವವರೆಗೆ ನನ್ನ ಬೆಂಚಿನ ಮೇಲೆ ಕೂತು, ಆಮೇಲೆ ಹಿಂದಿನ ಸಂದಿಯಿಂದ ಹೋಗಿ ಹಿತ್ತಲ ಬಾಗಿಲು ತೆಗೆದು ಒಳಗೆ ಸೇರಿಕೊಂಡರು. ಮುಂಬಾಗಿಲಿಗೆ ಜೈನಬಿ ಬೆಳಿಗ್ಗೆ ಹಾಕಿದ ಹಿತ್ತಾಳೆ ಬೀಗ ಹಾಗೆಯೇ ನೇತಾಡುತ್ತಿತ್ತು.

ಯೋಚಿಸಿ, ಎಂಥ ರೋಗಿ ನನಗೆ ಸಿಕ್ಕಿದ್ದ. ಮನೆ ಬಿಟ್ಟು ಹೊರಬರಬೇಡಿ ಎಂದು ಜನರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ, ಒಬ್ಬರೂ ಕೇಳಿದ್ದಿಲ್ಲ. ಇಲ್ಲೊಬ್ಬರು ಕಿಟಕಿಯ ಹತ್ತಿರಕ್ಕೂ ಸುಳಿಯುತ್ತಿರಲಿಲ್ಲ. ಕಿಟಕಿ ತೆರೆದಿಡಿ, ಗಾಳಿ ಆಡಬೇಕು ಎಂದು ಬೇಡಿಕೊಂಡ ಮೇಲೆ ಹಿತ್ತಲ ಕಡೆಯದನ್ನು ಮಾತ್ರ ತೆರೆದರು. ಸರ್ಕಾರಿ ಗುಳಿಗೆಗಳನ್ನು ನಾನೇ ತಲುಪಿಸುವುದಾಗಿ ಒಪ್ಪಿಕೊಂಡೆ. ಆದರೆ ಬೀಗ ಹಾಕಿದ ಮನೆಗೆ ಡಾಕ್ಟರು ಯಾಕೆ ಹೋಗುತ್ತಾಳೆ? ಅದಕ್ಕೊಂದು ನೆಪ ಬೇಕಿತ್ತು. ನೆಪ ಎದುರು ಮನೆಯಲ್ಲೇ ಇತ್ತು.

ಎದುರು ಮನೆಯ ನೀಲಮ್ಮ ಗರಿಗರಿ ಕಟಕ ರೊಟ್ಟಿ ಬಡಿದು ಮಾರುವಾಕೆ, ಸಕ್ಕರೆ ಕಾಯಿಲೆಯ ನನ್ನ ಹಳೆಯ ರೋಗಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಕಲ್ಯಾಣದಲ್ಲಿ ಯಾರ ಮನೆಯ ಹಾಲು ಒಡೆದರೂ ಅವಳಿಗೆ ಗೊತ್ತಾಗುತ್ತದೆ. ನಾನು ಅವಳ ಬಿಪಿ ನೋಡುವ ನೆಪದಲ್ಲಿ ಹೋಗಿ, ಅವಳ ಚಹಾ ಕುಡಿದು, ಹಿಂದಿನ ಸಂದಿಯಿಂದ ಮಹಬೂಬ್‌ಸಾಬರ ಹಿತ್ತಲಿಗೆ ನುಸುಳುತ್ತಿದ್ದೆ. ಬಹಳ ಚುರುಕಿನ ಉಪಾಯ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ನಾಲ್ಕಾರು ಸಲ ಆದ ಮೇಲೆ ಒಂದು ದಿನ ನೀಲಮ್ಮ ಚಹಾದ ಜೊತೆ ಒಂದು ಸ್ಟೀಲಿನ ಡಬ್ಬಿ ತಂದಿಟ್ಟಳು. ಮಹಬೂಬಣ್ಣನ ಮನೆಯಲ್ಲೊಂದು ಬೆಕ್ಕು ಉಳಿದುಕೊಂಡಿದೆ, ಮನೆಯವರಿಲ್ಲದೆ ಪಾಪ ಉಪವಾಸ ಬೀಳುತ್ತದೆ, ನೀವು ಹೇಗೂ ಆ ಕಡೆಯಿಂದ ಹೋಗುತ್ತೀರಿ, ಹಿತ್ತಲ ಕಟ್ಟೆಯ ಮೇಲೆ ಇಟ್ಟು ಹೋಗಿ ಎಂದಳು.

ಆ ಮನೆಯಲ್ಲಿ ಬೆಕ್ಕು ಇರಲಿಲ್ಲ. ಡಬ್ಬಿಯಲ್ಲಿ ಬಿಸಿ ರೊಟ್ಟಿ, ಎಣ್ಣೆ ಬದನೆಕಾಯಿ, ಅಗಸಿ ಚಟ್ನಿ ಇದ್ದವು. ಎರಡು ಜನರಿಗೆ ಸಾಲುವಷ್ಟು.

ತಂಡದಲ್ಲಿ ಹೋದ ಬೇರೆ ಓಣಿಯವರು ಅಲ್ಲಿಂದ ಮನೆಗೆ ಫೋನು ಮಾಡದೆ ಇರುತ್ತಾರೆಯೇ? ಮಹಬೂಬ್‌ಸಾಬರು ಬಂದಿಲ್ಲ ಎಂಬ ಸುದ್ದಿ ಮರುದಿನವೇ ಓಣಿಗೆ ಮುಟ್ಟಿತ್ತು. ಸುದ್ದಿ ಹೀಗೆ ಮುಟ್ಟಿದ್ದು ಗೊತ್ತಿಲ್ಲದೆ ಇದ್ದವರು ಮೂರೇ ಜನ, ಒಳಗಿದ್ದ ಇಬ್ಬರು ಮತ್ತು ಹೈದರಾಬಾದಿನಲ್ಲಿ ಓದಿ ಬಂದ ನಾನು. ಯಾಕೆ ಹೋಗಲಿಲ್ಲ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ, ಯಾರೂ ನನ್ನನ್ನು ಕೇಳಲೂ ಇಲ್ಲ. ಮನುಷ್ಯ ಮುಖ ತೋರಿಸಲು ನಾಚುತ್ತಿದ್ದಾನೆ, ಅಷ್ಟು ಅವರಿಗೆ ಸಾಕಾಗಿತ್ತು.

ಅಂದಿನಿಂದ ಆ ಬೆಕ್ಕಿನ ಯೋಗ ತಿರುಗಿತು. ಒಬ್ಬರು ಹಾಲು ಇಡುವರು, ಒಬ್ಬರು ಹಿತ್ತಲ ಕಟ್ಟೆಯ ಮೇಲೆ ಮೆಂತ್ಯ ಸೊಪ್ಪು ಇಡುವರು. ಬೆಕ್ಕು ಅಗಸಿ ಚಟ್ನಿ ತಿಂದಿತು, ಶುಂಠಿ ಹಾಕಿದ ಚಹಾ ಕುಡಿಯಿತು, ಅಮೃತಾಂಜನದ ಡಬ್ಬಿ ಕೂಡ ಒಂದು ದಿನ ಅದಕ್ಕೆ ಬಂತು. ಎಳ್ಳ ಅಮಾವಾಸ್ಯೆಯ ದಿನ ಎಲ್ಲರೂ ಬುಟ್ಟಿ ಹೊತ್ತು ಹೊಲಕ್ಕೆ ಹೋಗುವ ಮುನ್ನ, ಕಾಳು ಸೊಪ್ಪು ಕೂಡಿಸಿ ಕುದಿಸಿದ ಬಜ್ಜಿಯನ್ನೂ ಅಂಬಲಿಯನ್ನೂ ಆ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಹೋಗಿದ್ದರು. ಜೈನಬಿ ಡಬ್ಬಿಗಳನ್ನು ಒಳಗೆ ತೆಗೆದುಕೊಂಡು, ಸೆರಗು ಬಾಯಿಗೆ ಹಚ್ಚಿ ಅತ್ತಳು. ಮಹಬೂಬ್‌ಸಾಬರು ತಮ್ಮ ಪಾಲಿನ ಬಜ್ಜಿಯನ್ನು ಪೂರ್ತಿ ಉಂಡರು, ಇನ್ನಷ್ಟು ಬೇಕೆಂದರು. ಕ್ಷಯದ ರೋಗಿ ಇನ್ನಷ್ಟು ಬೇಕು ಎಂದು ಕೇಳಿದ ದಿನ ವೈದ್ಯರಿಗೆ ಹಬ್ಬ. ನಾನೂ ಅಲ್ಲಿಯೇ ಮುಖಕ್ಕೆ ಮಾಸ್ಕು ಕಟ್ಟಿಕೊಂಡು ನಿಂತು ಕಣ್ಣು ಒರೆಸಿಕೊಂಡೆ.

ಒಳಗೆ ಎಲ್ಲ ಸರಿಯಿತ್ತು ಎಂದಲ್ಲ. ಗುಳಿಗೆಯಿಂದ ಮೂತ್ರ ಕೆಂಪಗಾಗುತ್ತದೆ ಎಂದು ನಾನು ಮೊದಲೇ ಹೇಳಿದ್ದರೂ ಮಹಬೂಬ್‌ಸಾಬರು ಹೆದರಿಬಿಟ್ಟಿದ್ದರು. ಬಾಯಿ ಕಹಿ, ಹೊಟ್ಟೆ ತೊಳೆಸುವುದು. ಗುಳಿಗೆ ನಿಲ್ಲಿಸಿಬಿಡುತ್ತೇನೆ, ಹೋಗುವ ಯೋಗವೇ ಇಲ್ಲ ಎಂದು ಒಮ್ಮೆ ಮುಖ ತಿರುಗಿಸಿ ಮಲಗಿದರು. ಆಗ ನಾನು ನನ್ನ ಚೀಲದ ನಿಂಬೆಹಣ್ಣು ತೆಗೆದು ಕೊಟ್ಟು, ಪ್ರಯಾಣದ ಡಾಕ್ಟರು ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವ ಕಥೆ ಹೇಳಿದೆ. ಅವರು ನಿಂಬೆಹಣ್ಣು ಮೂಸಿ, ಗುಳಿಗೆ ನುಂಗಿದರು. ನನಗೆ ಜೀವಮಾನದಲ್ಲಿ ಉಪಯೋಗಕ್ಕೆ ಬಾರದ ನಿಂಬೆಹಣ್ಣು ಅವರಿಗೆ ಬಂತು.

ಒಂದು ಸಂಜೆ ನೀಲಮ್ಮ ತೋಳಿಗೆ ಬಿಪಿಯ ಪಟ್ಟಿ ಕಟ್ಟಿಸಿಕೊಂಡು, ಬೀದಿ ಕಡೆ ಮುಖ ಮಾಡಿ ಕೇಳಿದಳು:

"ಬೆಕ್ಕಿನ ಕೆಮ್ಮ ಈಗ ಕಡಿಮಿ ಆದಂಗ ಅದ, ಹೌದಿಲ್ರಿ ಬಾಯಿ?"

ರೋಗಿಯ ವಿಷಯ ಇನ್ನೊಬ್ಬರಿಗೆ ಹೇಳಬಾರದು ಎಂಬುದು ನಮ್ಮ ವೃತ್ತಿಯ ನಿಯಮ. ಬೆಕ್ಕಿನ ವಿಷಯ ಹೇಳಬಾರದೆಂದು ನಿಯಮವಿಲ್ಲ. ಕಡಿಮೆಯಾಗಿದೆ, ತೂಕವೂ ಏರಿದೆ ಎಂದೆ. ಅವಳ ಬಿಪಿ ಅಂದು ಎಂದೂ ಇಲ್ಲದಷ್ಟು ಚೆನ್ನಾಗಿತ್ತು.

ಚಳಿ ಮುಗಿದು ಬಿಸಿಲು ಏರುವ ಹೊತ್ತಿಗೆ ಕಫದ ವರದಿ ಶುದ್ಧವಾಗಿ ಬಂತು. ಮುಂದಿನ ತಂಡದಲ್ಲಿ ಜಾಗ ಸಿಕ್ಕಿತು. ಉಳಿದ ಗುಳಿಗೆಗಳನ್ನು ಜೊತೆಗೆ ಕಟ್ಟಿಕೊಟ್ಟು, ಹೋಗಿ ಬನ್ನಿ ಎಂದೆ. ಸದ್ದಿಲ್ಲದೆ ಹಿತ್ತಲಿಂದಲೇ ಹೊರಟುಬಿಡೋಣ ಎಂದು ಜೈನಬಿಯ ಲೆಕ್ಕ. ಮಹಬೂಬ್‌ಸಾಬರು ಒಪ್ಪಲಿಲ್ಲ. ಸುಳ್ಳನ್ನು ಜೊತೆಗೆ ಕಟ್ಟಿಕೊಂಡು ಅಲ್ಲಿಗೆ ಹೋಗಲಾರೆ ಎಂದರು. ಬೆಳಗಿನ ಹೊತ್ತು ಹಿತ್ತಲಿಂದ ಹೊರಬಿದ್ದು, ಸಂದಿ ಸುತ್ತಿ, ಮುಂದಿನ ಓಣಿಗೆ ಬಂದು ನಿಂತರು. ನೀಲಮ್ಮ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದಳು. ಅಕ್ಕಪಕ್ಕದವರು ಬಾಗಿಲಿಗೆ ಬಂದರು. ನಾನು ಜೈನಬಿಯ ಪಕ್ಕದಲ್ಲಿದ್ದೆ, ಬೀಗ ಜಗ್ಗಲು ಓಡಿದ ಹುಡುಗಿಯ ಎದೆ ನನ್ನೊಳಗೆ ಮತ್ತೆ ಹೊಡೆದುಕೊಳ್ಳುತ್ತಿತ್ತು.

"ನಾ ಹೋಗಿದ್ದಿಲ್ಲ ನೀಲಮ್ಮ. ಇಲ್ಲೇ ಇದ್ದೆ," ಎಂದರು ಮಹಬೂಬ್‌ಸಾಬರು. ಕೈ ಜೋಡಿಸಿದ್ದರು. "ಮತ್ತ ಮಾಫಿ ಕೇಳಾಕತ್ತೀನಿ."

ನೀಲಮ್ಮ ಜೋಳದ ಮೊರದಿಂದ ಕಣ್ಣು ಎತ್ತಲಿಲ್ಲ. ಒಂದು ಹರಳು ಆರಿಸಿ ಬೀದಿಗೆ ಎಸೆದಳು.

"ಆವತ್ತ ಕೊಟ್ಟ ಮಾಫಿ ಇನ್ನಾ ಹಂಗೇ ಅದ ಯಣ್ಣಾ, ಖರ್ಚ ಆಗಿಲ್ಲ. ಅದನ್ನ ತಗೊಂಡು ಹೋಗ್ರಿ."

ಜೈನಬಿ ಮುಂಬಾಗಿಲ ಬೀಗ ತೆಗೆದು, ಒಳಗಿನಿಂದ ಗಂಟು ತಂದು, ಮತ್ತೆ ಬೀಗ ಹಾಕಲು ಹೋದಳು. ನೀಲಮ್ಮ ತಡೆದಳು. ಕೀಲಿ ಹಾಕಿದರೆ ಬೆಕ್ಕಿಗೆ ಊಟ ಹಾಕುವವರು ಹೇಗೆ ಹೋಗಬೇಕು ಎಂದು ಕೇಳಿದಳು. ಜೈನಬಿ ನಗುತ್ತ ಅಳುತ್ತ ಬೀಗ ನನ್ನ ಕೈಗಿಟ್ಟು, ಚಾವಿ ತನ್ನ ಸೊಂಟದಲ್ಲಿ ಹಾಗೇ ಸಿಕ್ಕಿಸಿಕೊಂಡು ಆಟೋ ಹತ್ತಿದಳು. ಮನೆಯವರು ಒಳಗಿದ್ದಾಗ ಬೀಗ ಹಾಕಿದ್ದ ಮನೆ, ಅವರು ಹೋದ ಮೇಲೆ ಬರೀ ಚಿಲಕ ಹಾಕಿಕೊಂಡು ಇತ್ತು. ನಮ್ಮ ಅವ್ವ ಇದನ್ನು ನೋಡಿದ್ದರೆ ಬಸ್ ಸ್ಟ್ಯಾಂಡಿನಲ್ಲೇ ಎದೆ ಒಡೆದುಕೊಳ್ಳುತ್ತಿದ್ದಳು.

ಅವರು ತಿರುಗಿ ಬಂದ ಸುದ್ದಿ ಕೇಳಿ ನಾನು ಹೋದೆ. ಖರ್ಜೂರ ಕೊಟ್ಟರು, ಜಮ್‌ಜಮ್ ನೀರು ಕೊಟ್ಟರು. ಮಹಬೂಬ್‌ಸಾಬರ ಕೆನ್ನೆ ತುಂಬಿಕೊಂಡಿತ್ತು, ಗುಳಿಗೆ ಒಂದು ದಿನವೂ ತಪ್ಪಿಸಿರಲಿಲ್ಲ. ಬೀಗ ತಂದಿದ್ದೇನೆ ಎಂದೆ. ಅದು ಇನ್ನು ಯಾಕೆ, ನಿಮ್ಮ ಹತ್ತಿರವೇ ಇರಲಿ ಎಂದಳು ಜೈನಬಿ. ಹೀಗೆ ಅದು ನನ್ನ ಮೇಜಿಗೆ ಬಂತು.

ಅಷ್ಟರಲ್ಲಿ ಒಳಕೋಣೆಯಿಂದ ಒಂದು ಸಣಕಲು ಹಳದಿ ಬೆಕ್ಕು ಮೈ ಮುರಿಯುತ್ತ ಹೊರಬಂದು, ಹೊಸ ಗಾದಿಯ ಮೇಲೆ ಹತ್ತಿ ಮಲಗಿತು. ಇವರು ಹೋದ ಮೇಲೂ ಓಣಿಯವರು ಕೈಯ ಅಭ್ಯಾಸಕ್ಕೆ ಕಟ್ಟೆಯ ಮೇಲೆ ಹಾಲು, ರೊಟ್ಟಿ ಇಡುವುದನ್ನು ಬಿಟ್ಟಿರಲಿಲ್ಲವಂತೆ. ಎಲ್ಲಿಂದಲೋ ವಾಸನೆ ಹಿಡಿದು ಇದು ಬಂದಿತ್ತು, ಬಂದದ್ದು ಹೋಗಿರಲಿಲ್ಲ. ಇದು ಯಾರದು ಎಂದು ಜೈನಬಿ ಬಾಗಿಲಲ್ಲಿ ನಿಂತಿದ್ದ ನೀಲಮ್ಮನನ್ನು ಕೇಳಿದಳು.

"ನಿಮ್ಮದ," ಎಂದಳು ನೀಲಮ್ಮ. "ಛಳಿಗಾಲದಿಂದ ನಾವು ಇದಕ್ಕ ಉಣ್ಣಾಕ ಹಾಕಾಕತ್ತೀವಿ. ಮರತೀರೇನು?"

ಮಹಬೂಬ್‌ಸಾಬರು ಗಾದಿಯ ಮುಂದೆ ನೆಲದ ಮೇಲೆ ಕೂತು, ಅದಕ್ಕೆ ಕೈ ಜೋಡಿಸಿದರು.

"ಇಷ್ಟ ದಿನ ನಿನ್ನ ಪಾಲು ನಾ ಉಂಡೀನವ್ವಾ," ಎಂದರು. "ಮಾಫ್ ಮಾಡು."